ಕರಡಿ ನೀರಿಗೆ ಬೀಳುವ ಲೆಕ್ಕ

ನರಿನ್ ಪಟ್ಟಣದಿಂದ ಬಂದ ಪೆಟ್ಟಿಗೆಯಲ್ಲಿ ಏಳು ಲ್ಯಾಪ್‌ಟಾಪು,
ನನ್ನ ತರಗತಿಯಲ್ಲಿ ಮಕ್ಕಳು ಇಪ್ಪತ್ಮೂರು.
ಯಂತ್ರಕ್ಕೆ ಮೂವರು, ಶೇಷ ಇಬ್ಬರು.
ಆ ಇಬ್ಬರು ಸರದಿಯ ಮೇಲೆ
ಒಲೆಗೆ ಕಲ್ಲಿದ್ದಲು ಹಾಕಲಿ ಎಂದೆ.
ಅದೇ ನಮ್ಮ ಮೊದಲ ಲೆಕ್ಕ.

ಗವಸಿನೊಳಗಿನ ಬೆರಳನ್ನು ಅದು ಬೆರಳೆಂದು ಒಪ್ಪುವುದಿಲ್ಲ.
ಗವಸು ಕಳಚಿ, ಉಫ್ ಎಂದು ಊದಿ,
ಒಬ್ಬ ಒತ್ತುತ್ತಾನೆ, ಒಬ್ಬಳು ಎಣಿಸುತ್ತಾಳೆ,
ಮೂರನೆಯವನ ಕೆಲಸ ಅವಸರ ಮಾಡುವುದು.

ಆಟ ಇಷ್ಟೆ: ಹೊಳೆ. ಹೊಳೆಯಲ್ಲಿ ಕಲ್ಲು.
ಈ ದಡದಲ್ಲೊಂದು ಕರಡಿ.
ಅದು ಮಾತಾಡುವುದು ರಷ್ಯನ್,
ಅದಕ್ಕೆ ನಾವು ಬೈಯುವುದು ಕಿರ್ಗಿಜ್.
ಏಳೆಂಟ್ಲಿ ಎಷ್ಟು?
ಐವತ್ತಾರರ ಕಲ್ಲು ಒತ್ತಿದರೆ ಜಿಗಿಯುತ್ತದೆ,
ಇನ್ನೊಂದು, ಮತ್ತೊಂದು, ಆಚೆ ದಡ,
ನಕ್ಷತ್ರ, ತುತ್ತೂರಿ,
ಪೈನ್ ಮರಗಳ ಹಿಂದೆ ಮಾಯ.
ತಪ್ಪಿದರೆ
ದುಡುಂ.

ವಾರದ ಕೊನೆಗೆ ಯಂತ್ರ ತಾನೇ ಪಟ್ಟಿ ಬರೆಯಿತು.
ನಾನು ಕೇಳಿರಲಿಲ್ಲ.
ಬಯಾಸ್ತಾನ್, ಇಪ್ಪತ್ತಕ್ಕೆ ಹದಿನೇಳು
(ಪಕ್ಕದವಳ ಪಿಸುಮಾತಿಗೆ ಅದರ ಬಳಿ ಕಿವಿಯಿಲ್ಲ).
ಜಿಬೆಕ್, ಇಪ್ಪತ್ತಕ್ಕೆ ಮೂರು.
ಹೆಸರಿನ ಮಗ್ಗುಲಲ್ಲಿ ಕೆಂಪು ಚುಕ್ಕೆ.
ಸೋಮವಾರ ಜಿಲ್ಲಾ ಕಚೇರಿಯ ತಾಲಾಯ್‌ಬೆಕ್ ಫೋನಿನಲ್ಲಿ:
'ಎಜೆ, ಆ ಹುಡುಗಿ ತುಂಬಾ ಹಿಂದಿದ್ದಾಳೆ.'
ಹಿಂದೆ? ಅವಳು ಕೂರುವುದು ಎರಡನೇ ಸಾಲು, ಕಿಟಕಿಯ ಪಕ್ಕ.
ಮಂದೆ ಬೆಟ್ಟ ಇಳಿಯುವಾಗ
ಅಪ್ಪ ಅರ್ಧ ಎಣಿಸುವಷ್ಟರಲ್ಲಿ
ಕಳೆದ ಕುರಿಯ ಬಣ್ಣ ಹೇಳುವವಳು.

ಕರೆದೆ. ಸೀಮೆಸುಣ್ಣ ಕೊಟ್ಟೆ.
ಆರೊಂಬತ್ಲಿ? ಐವತ್ನಾಲ್ಕು.
ಎಂಟೆಂಟ್ಲಿ? ಅರವತ್ನಾಲ್ಕು.
ಏಳೆಂಟ್ಲಿ? ನಾನು ಬಾಯಿ ಮುಚ್ಚುವ ಮೊದಲೇ
ಐವತ್ತಾರು ಹಲಗೆಯ ಮೇಲಿತ್ತು,
ಆರರ ಬಾಲ ಮಾತ್ರ ತುಸು ಉದ್ದ.

ಮತ್ತೆ ಅಲ್ಲಿ ಯಾಕೆ?
ಬೂಟಿನ ತುದಿ ನೋಡಿದಳು. ಒಲೆ ನೋಡಿದಳು.
'ತಪ್ಪು ಒತ್ತಿದರೆ ನೀರಿಗೆ ಬೀಳುತ್ತೆ, ಎಜೆ.
ಮೇಲೆ ಬಂದು ಮೈ ಕೊಡವುತ್ತೆ,
ತಲೆ ಓರೆ ಮಾಡಿ ಕಿವಿಯ ನೀರು ತೆಗೆಯುತ್ತೆ,
ಆಮೇಲೆ ನನ್ನನ್ನು ನೋಡುತ್ತೆ.
ಸರಿ ಒತ್ತಿದರೆ
ಹೊರಟೇ ಹೋಗುತ್ತೆ.'

ಮಕ್ಕಳು ಮನೆಗೆ ಹೋದ ಮೇಲೆ
ಬಾಗಿಲು ಹಾಕಿಕೊಂಡು ನಾನೂ ಒತ್ತಿದೆ:
ಏಳೆಂಟ್ಲಿ ಐವತ್ತೈದು.
ಬಿತ್ತು. ಕೊಡವಿತು. ನೋಡಿತು.
ಆ ಕಣ್ಣು ಬರೆದವರು ಯಾರೋ,
ಯಾರೂ ಹೇಳದೆ, ಸಂಬಳಕ್ಕೆ ಸೇರದೆ
ಒಂದಿಷ್ಟು ಹೊತ್ತು ಹೆಚ್ಚು ಕೂತಿದ್ದರು.

ಇಪ್ಪತ್ತೆರಡು ಚಳಿಗಾಲ ಮಗ್ಗಿ ಹೇಳಿಸಿದ್ದೇನೆ.
ತಪ್ಪಿದ್ದಲ್ಲಿ ಕೆಂಪು ಶಾಯಿ, ಪಕ್ಕದಲ್ಲೇ ಕೂತು ತಿದ್ದು,
ಸರಿಯಿದ್ದಲ್ಲಿ ಒಂದು ಗೀಟು, ಮುಂದಿನ ಪುಟ.
ತಪ್ಪಿದವರ ಹೆಸರೆಲ್ಲ ನೆನಪಿದೆ,
ಅವರ ಅಜ್ಜಿಯರ ಹೆಸರೂ.
ಸರಿ ಬರೆದವರು
ಒಬ್ಬೊಬ್ಬರೇ ಪೈನ್ ಮರಗಳ ಹಿಂದೆ.

ತಾಲಾಯ್‌ಬೆಕ್‌ಗೆ ಏನೆಂದು ಬರೆಯಲಿ?
ಕಾರಣ ತುಂಬುವ ಜಾಗ ಬೆರಳಗಲ.
'ಈಜು' ಎಂದು ಬರೆದು, ಅಳಿಸಿ,
ಖಾಲಿ ಬಿಟ್ಟೆ.

ಈಗ ಜಿಬೆಕ್ ಒತ್ತುವಾಗ ಹಿಂದೆ ನಿಲ್ಲುತ್ತೇನೆ.
ಐವತ್ತಾರು. ಕರಡಿ ದಾಟಿತು, ತುತ್ತೂರಿ ಊದಿತು, ಹೋಯಿತು.
ಆಗ ನಾನು ಮೈ ಕೊಡವುತ್ತೇನೆ,
ಶಾಲಿನಿಂದ ಸೀಮೆಸುಣ್ಣದ ಪುಡಿ ಹಾರುತ್ತದೆ,
ಬಯಾಸ್ತಾನ್ ಕೆಮ್ಮುತ್ತಾನೆ,
ನಾನು ಅವಳನ್ನೇ ನೋಡುತ್ತೇನೆ.

ಅವಳೂ ತಿರುಗಿ ನೋಡುತ್ತಾಳೆ, ತೂಗಿ ಅಳೆದು:
'ಎಜೆ, ಕಿವಿ ಮರೆತಿರಿ.'